ಅಡಿಟಿಪ್ಪಣಿ ಹದಿನಾಲ್ಕು

ಕ್ಯಾನ್‌ಬೆರಾ
3 ಮೇ 2022

ಪ್ರಿಯ ಐಲ್ಸಾ,

ನೀವು ಇಮೇಲ್ ನೋಡುವುದನ್ನೇ ಬಿಟ್ಟಿದ್ದೀರಿ ಎಂದು ವಿಭಾಗದ ಕಚೇರಿಯವರು ಹೇಳಿದರು. ಹಾಗಾಗಿ ಎಷ್ಟೋ ವರ್ಷಗಳ ಮೇಲೆ ಸ್ಟಾಂಪು ಕೊಂಡು ಪತ್ರ ಬರೆಯುತ್ತಿದ್ದೇನೆ. ನಾನು ಟೋಬಿ ಕ್ಲೈನಿಗ್, 2016ರಲ್ಲಿ ನಿಮ್ಮ ಬಳಿ ಪಿಎಚ್‌ಡಿ ಮುಗಿಸಿದವನು. ಸರ್ಕಾರದ ಯೋಜನೆಗಳಿಂದ ಜನಕ್ಕೆ ಉಪಯೋಗವಾಯಿತೇ ಇಲ್ಲವೇ ಎಂದು ಲೆಕ್ಕ ಹಾಕುವ ಕಚೇರಿಯಲ್ಲಿ ಈಗ ಕೆಲಸ.

ನಿಮ್ಮ ಸೀಮೆಯ ಗೋಧಿ ಬೆಳೆಯುವ ಊರುಗಳಲ್ಲಿ ಬಾಣಂತಿಯರ ಮನೆಗೆ ನರ್ಸ್ ಹೋಗಿ ಬರುತ್ತಿದ್ದ ಹಳೆಯ ಯೋಜನೆ ನಿಮಗೆ ನೆನಪಿರಬೇಕು. ಅದನ್ನು ಮತ್ತೆ ಶುರು ಮಾಡುವ ಪ್ರಸ್ತಾಪ ಬಂದಿದೆ. ನವೆಂಬರ್ 18ಕ್ಕೆ ಸಮಿತಿ ಕೂರುತ್ತದೆ. ಕಡತದ ಮೊದಲ ಪುಟದಲ್ಲೇ ನಿಮ್ಮ 2003ರ ಪ್ರಬಂಧವಿದೆ: ನರ್ಸ್ ಬಂದ ಮೇಲೆ ಆಸ್ಪತ್ರೆ ಸೇರುವ ಕೂಸುಗಳು ಕಡಿಮೆಯಾಗಲಿಲ್ಲ, ಶೇಕಡಾ ನಾಲ್ಕರಷ್ಟು ಹೆಚ್ಚಾದವು ಎಂದು. ಆ ಒಂದು ಸಂಖ್ಯೆಯನ್ನು ಹಿಡಿದುಕೊಂಡೇ 2005ರಲ್ಲಿ ಯೋಜನೆಯನ್ನು ಮುಚ್ಚಿದರು. ಈಗಲೂ ಅದೇ ಸಂಖ್ಯೆ ದಾರಿಗೆ ಅಡ್ಡ ಮಲಗಿದೆ.

ಕಳೆದ ನಾಲ್ಕೈದು ವರ್ಷಗಳಲ್ಲಿ ನಮ್ಮ ವಿದ್ಯೆಯಲ್ಲಿ ಏನೇನಾಗಿದೆ ಎಂಬ ಸುದ್ದಿ ನಿಮಗೆ ಅಲ್ಲಿಗೆ ತಲುಪಿರಲಿಕ್ಕಿಲ್ಲ. ‘ವ್ಯತ್ಯಾಸಗಳ ವ್ಯತ್ಯಾಸ’ವನ್ನು ನಾವೆಲ್ಲ ಮಾಡುತ್ತಿದ್ದ ಹಾಗೆ ಈಗ ಯಾರೂ ಮಾಡುವುದಿಲ್ಲ. ನಿಮ್ಮ ಮೂಲ ಅಂಕಿಅಂಶ ಕಳಿಸಿದರೆ ಹೊಸ ಸೂತ್ರದಲ್ಲಿ ಮತ್ತೊಮ್ಮೆ ಲೆಕ್ಕ ಹಾಕುತ್ತೇನೆ. ಪ್ರಬಂಧದಲ್ಲಿ ಊರುಗಳ ಹೆಸರೇ ಇಲ್ಲ, ಊರು ಒಂದು, ಊರು ಎರಡು ಎಂದಷ್ಟೇ ಇದೆ. ಯಾವ ಊರಿಗೆ ನರ್ಸ್ ಯಾವಾಗ ಬಂದಳು ಎಂಬುದು ಗೊತ್ತಾಗದೆ ನನ್ನ ಕೈ ಕಟ್ಟಿದ ಹಾಗಾಗಿದೆ.

ಗೌರವದಿಂದ,
ಟೋಬಿ


ವಲ್ಲರೂ
19 ಮೇ 2022

ಟೋಬಿ,

ನಿನ್ನ ಪರಿಚಯ ಹೇಳಿಕೊಳ್ಳುವ ಅಗತ್ಯವಿರಲಿಲ್ಲ. ಮೂರು ವರ್ಷ ನನ್ನ ಕೋಣೆಯ ಬಿಸ್ಕತ್ತು ಖಾಲಿ ಮಾಡಿದವನನ್ನು ಮರೆಯುವಷ್ಟು ಮುಪ್ಪು ನನಗೆ ಬಂದಿಲ್ಲ.

‘ತಲುಪಿರಲಿಕ್ಕಿಲ್ಲ’ ಎಂದೆಯಲ್ಲ, ತಲುಪಿದೆಯಪ್ಪಾ. ಗ್ರಂಥಾಲಯದವರು ಈಗಲೂ ನನಗೆ ಪತ್ರಿಕೆಗಳನ್ನು ಕಳಿಸುತ್ತಾರೆ. ತಿಂಗಳಿಗೊಂದು ಹೊಸ ಸೂತ್ರ, ಸೂತ್ರದ ಹಣೆಗೆ ಅದನ್ನು ಕಂಡುಹಿಡಿದವರ ಹೆಸರು, ಹೆಸರಿಗೊಂದು ಜೈಕಾರ. ಮೊದಲ ಪುಟದಲ್ಲಿ ಹಿಂದಿನವರೆಲ್ಲ ಕುರುಡರು ಎಂಬ ಘೋಷಣೆ, ಕೊನೆಯ ಪುಟದಲ್ಲಿ ಇಳಿಸಿಕೊಳ್ಳಲು ಒಂದು ಪ್ರೋಗ್ರಾಮು. ನಿಮ್ಮ ಪೀಳಿಗೆಗೆ ಯೋಚನೆ ಮಾಡುವ ಕಷ್ಟವನ್ನೂ ಯಾರೋ ಬರೆದಿಟ್ಟಿದ್ದಾರೆ, ಗುಂಡಿ ಒತ್ತಿದರಾಯಿತು.

ನಾನು ಮಾಡಿದ್ದು ಇಷ್ಟೇ. ನರ್ಸ್ ಬಂದ ಊರಿನಲ್ಲಿ ಮುಂಚೆಗೂ ನಂತರಕ್ಕೂ ಎಷ್ಟು ಬದಲಾಯಿತೆಂದು ನೋಡಿದೆ. ಅದೇ ಕಾಲದಲ್ಲಿ ಬೇರೆ ಊರಿನಲ್ಲಿ ಎಷ್ಟು ಬದಲಾಯಿತೆಂದು ನೋಡಿದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದೆ. ಉಳಿದದ್ದು ನರ್ಸಿನಿಂದಾದ ಗುಣ. ಇದರಲ್ಲಿ ತಪ್ಪೆಲ್ಲಿದೆ ಎಂದು ನಿನಗೆ ನಿಜವಾಗಿಯೂ ಗೊತ್ತಿದ್ದರೆ ಒಂದೇ ಒಂದು ಸೂತ್ರವಿಲ್ಲದೆ ಬರೆದು ಕಳಿಸು. ನನ್ನ ಪಕ್ಕದ ಮನೆಯ ಕೆವರ್ನ್ ನಲವತ್ತು ವರ್ಷ ಕುರಿ ಸಾಕಿದವನು. ಅವನಿಗೆ ಓದಿ ಹೇಳುತ್ತೇನೆ. ಅವನಿಗೆ ಅರ್ಥವಾದರೆ ನಿನಗೂ ಅರ್ಥವಾಗಿದೆ ಎಂದು ನಂಬುತ್ತೇನೆ.

ಅಂಕಿಅಂಶದ ಮಾತು ಆಮೇಲೆ.

ಐಲ್ಸಾ ಟ್ರೆಗಿಯರ್


ಕ್ಯಾನ್‌ಬೆರಾ
2 ಜೂನ್ 2022

ಪ್ರಿಯ ಐಲ್ಸಾ,

ಕೆವರ್ನ್ ಅವರಿಗೆ ಹೀಗೆ ಹೇಳಿ.

ಊರನ್ನು ಕುರಿ ಹಿಂಡು, ನರ್ಸನ್ನು ಮೇವು ಎಂದುಕೊಳ್ಳಿ. ನಿಮ್ಮ ಪ್ರಬಂಧದಲ್ಲಿರುವ ಹಾಗೆ ಇಪ್ಪತ್ತಾರು ಹಿಂಡುಗಳಿವೆ. ಒಳ್ಳೆಯ ಮೇವು ಎಲ್ಲಕ್ಕೂ ಒಂದೇ ದಿನ ಸಿಗಲಿಲ್ಲ. ಆರು ಹಿಂಡಿಗೆ 1991ರಲ್ಲಿ, ಒಂಬತ್ತಕ್ಕೆ 1994ರಲ್ಲಿ, ಉಳಿದ ಹನ್ನೊಂದಕ್ಕೆ 1998ರಲ್ಲಿ ಸಿಕ್ಕಿತು. ಕೊನೆಯ ಹನ್ನೊಂದಕ್ಕೆ ಮೇವು ಸಿಕ್ಕಿದಾಗ ಅವನ್ನು ಯಾರ ಜೊತೆ ಹೋಲಿಸಬೇಕು? ಮೇವು ಸಿಗದ ಹಿಂಡು ಒಂದೂ ಉಳಿದಿಲ್ಲ. ಆಗ ಹಳೆಯ ಸೂತ್ರ ಯಾರನ್ನೂ ಕೇಳದೆ ಏಳು ವರ್ಷದಿಂದ ಚೆನ್ನಾಗಿ ಮೇಯ್ದ ಕುರಿಗಳನ್ನು ತಂದು ‘ಇವು ಮೇವು ಸಿಗದ ಕುರಿಗಳು’ ಎಂದು ಪಕ್ಕದಲ್ಲಿ ನಿಲ್ಲಿಸುತ್ತದೆ. ಅವು ವರ್ಷದಿಂದ ವರ್ಷಕ್ಕೆ ಇನ್ನೂ ದಪ್ಪಗಾಗುತ್ತಿವೆ. ನಿನ್ನೆ ಮೊನ್ನೆ ಮೇವು ಕಂಡ ಬಡಕಲು ಕುರಿ ಅವುಗಳಿಗೆ ಹೋಲಿಸಿದರೆ ಹಿಂದೆ ಬೀಳುತ್ತದೆ. ನಾವು ಕನ್ನಡಕ ಏರಿಸಿಕೊಂಡು ಮೇವಿನಿಂದಲೇ ಕುರಿ ಸೊರಗಿತು ಎಂದು ಬರೆಯುತ್ತೇವೆ.

ಹಳೆಯ ಸೂತ್ರ ಕೊಡುವ ಒಂದೇ ಸಂಖ್ಯೆಯೊಳಗೆ ಇಂಥ ಕಲಬೆರಕೆ ಹೋಲಿಕೆಗಳೆಲ್ಲ ಸೇರಿಕೊಂಡಿರುತ್ತವೆ. ಒಳ್ಳೆಯದು ಮಾಡಿದ ಕೆಲವು ವರ್ಷಗಳಿಗೆ ಮೈನಸ್ ತೂಕ ಬಿದ್ದಿರುತ್ತದೆ, ಅಂದರೆ ಒಳಿತು ಹೆಚ್ಚಿದಷ್ಟೂ ಉತ್ತರ ಕೆಟ್ಟದಾಗುತ್ತದೆ. ಹೊಸ ವಿಧಾನಗಳು ಎಷ್ಟೇ ಇರಲಿ, ಎಲ್ಲದರ ತಿರುಳು ಒಂದೇ: ಇನ್ನೂ ಮೇವು ಸಿಗದವರ ಜೊತೆಗೆ ಮಾತ್ರ ಹೋಲಿಸು, ಗುಂಪು ಗುಂಪಾಗಿ, ವರ್ಷ ವರ್ಷಕ್ಕೆ. ಅದಕ್ಕೂ ಮುಂಚೆ ಎಲ್ಲ ಹಿಂಡುಗಳೂ ಒಂದೇ ಹಾದಿಯಲ್ಲಿ ಸಾಗುತ್ತಿದ್ದವೇ ಎಂದು ನೋಡು.

ಇನ್ನೊಂದು ಸಣ್ಣ ಕುತೂಹಲ. ನಿಮ್ಮ ಪ್ರಬಂಧದ ಹದಿನಾಲ್ಕನೆಯ ಅಡಿಟಿಪ್ಪಣಿ ಹೀಗಿದೆ: ‘ಹೋಲಿಕೆಗೆ ಬಳಸಿದ ಊರುಗಳ ಬಗ್ಗೆ ಕ್ಷೇತ್ರದ ಕಾರ್ಯಕರ್ತೆಯೊಬ್ಬರು ಆಕ್ಷೇಪವೆತ್ತಿದರು. ಅದು ಅಂಕಿಅಂಶದ ಪ್ರಶ್ನೆಯಲ್ಲವಾದ್ದರಿಂದ ಉತ್ತರ ಬೇಕಿಲ್ಲ.’ ಯಾರು ಆಕೆ? ಏನೆಂದು ಆಕ್ಷೇಪಿಸಿದರು?

ಟೋಬಿ


ವಲ್ಲರೂ
8 ಜುಲೈ 2022

ಟೋಬಿ,

ಕೆವರ್ನ್‌ಗೆ ಅರ್ಥವಾಯಿತು. “ಇಷ್ಟು ತಿಳ್ಕೊಳ್ಳೋಕೆ ಯೂನಿವರ್ಸಿಟಿಗೆ ಹೋಗ್ಬೇಕಾ?” ಎಂದು ಕೇಳಿದ. ಅವನ ಮಾತಿಗೆ ನಾನು ಬೆಲೆ ಕೊಡುವುದಿಲ್ಲ, ನೀನೂ ಕೊಡಬೇಡ.

ಅಂಕಿಅಂಶ ಇಲ್ಲ. 2009ರಲ್ಲಿ ವಿಭಾಗ ಹೊಸ ಕಟ್ಟಡಕ್ಕೆ ಹೋದಾಗ ಡಬ್ಬಗಳನ್ನೆಲ್ಲ ಕಸಕ್ಕೆ ಹಾಕಿಸಿದೆ. ಮುಗಿದ ಕೆಲಸವನ್ನು ಅಪ್ಪಿಕೊಂಡು ಕೂರುವ ಚಟ ನನಗಿಲ್ಲ.

ಆ ಕಾರ್ಯಕರ್ತೆ ಯಾರೂ ಅಲ್ಲ. ಹದಿನಾರಕ್ಕೆ ಶಾಲೆ ಬಿಟ್ಟ ಒಬ್ಬ ನರ್ಸ್. ಅಂಥವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ, ಎದ್ದು ನಿಂತು ತಮ್ಮ ಊರಿನ ಕಥೆ ಹೇಳುತ್ತಾರೆ.

ನಿನ್ನ ಕಲಬೆರಕೆಯ ಉಪದೇಶ ಓದಿದ ಮೇಲೆ ನಿನ್ನ ಪಿಎಚ್‌ಡಿ ಪ್ರಬಂಧವನ್ನು ಕಪಾಟಿನಿಂದ ಇಳಿಸಿ ನೋಡಿದೆ. ನಲವತ್ತೊಂದನೆಯ ಪುಟ. ಶಾಲೆಯ ಬೆಳಗಿನ ತಿಂಡಿಯ ಯೋಜನೆ, ಮೂರು ಕಂತಿನಲ್ಲಿ ಶಾಲೆಗಳಿಗೆ ಬಂದದ್ದು, ಎಲ್ಲಕ್ಕೂ ಸೇರಿಸಿ ಒಂದೇ ಸಂಖ್ಯೆ. ನೀನೂ ದಪ್ಪ ಕುರಿಗಳನ್ನೇ ನಿಲ್ಲಿಸಿದ್ದೀಯ. ಅದಕ್ಕೆ ಬಹುಮಾನವೂ ಬಂತು. ವೇದಿಕೆಯ ಮೇಲೆ ನೀನು ಹಲ್ಲು ಕಿರಿದು ನಿಂತ ಫೋಟೋ ನನ್ನ ಬಳಿ ಇದೆ, ಬೇಕಾದರೆ ಕಳಿಸುತ್ತೇನೆ.

ಐಲ್ಸಾ


ಕ್ಯಾನ್‌ಬೆರಾ
15 ಜುಲೈ 2022

ಐಲ್ಸಾ,

ಆ ಪುಟ ನನಗೆ ಗೊತ್ತು. ಎರಡು ವರ್ಷದಿಂದ ಆ ಪ್ರಬಂಧವನ್ನು ತೆರೆಯುವ ಧೈರ್ಯವಾಗಿಲ್ಲ. ಆ ಸೂತ್ರವನ್ನು ನನಗೆ ಕಲಿಸಿದವರು ನೀವು. ಪ್ರತಿ ಪುಟದ ಕೆಳಗೆ ಸರಿ ಎಂದು ಗೀಟು ಹಾಕಿದವರೂ ನೀವೇ. ಫೋಟೋ ನಿಮ್ಮ ಬಳಿಯೇ ಇರಲಿ.

ನೀವು ಹಾಗೆ ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆಗ ಅದು ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರುವುದನ್ನು ಮಾತ್ರ ನನ್ನಿಂದ ಒಪ್ಪಲಾಗುವುದಿಲ್ಲ. ಅಂಕಿಅಂಶವನ್ನು ಕಸಕ್ಕೆ ಹಾಕಿದೆ ಎಂದು ಬಡಾಯಿ ಕೊಚ್ಚಿಕೊಳ್ಳುವ ವಿಜ್ಞಾನಿಯನ್ನು ನಾನು ಈವರೆಗೆ ನೋಡಿರಲಿಲ್ಲ.

ಆಸ್ಪತ್ರೆ ಸೇರಿದ ಕೂಸುಗಳ ಸಂಖ್ಯೆ ಊರುವಾರು ಹಳೆಯ ದಾಖಲೆಯಲ್ಲಿ ಸಿಕ್ಕಿದೆ. ಇಲ್ಲದ್ದು ಒಂದೇ, ಯಾವ ಊರಿನಲ್ಲಿ ಯಾವಾಗ ಶುರುವಾಯಿತು ಎಂಬುದು. ಆ ನರ್ಸುಗಳಲ್ಲಿ ಯಾರಾದರೂ ದಿನಚರಿ ಇಟ್ಟಿರಬಹುದು. ಅಡಿಟಿಪ್ಪಣಿಯ ಆ ಹೆಂಗಸನ್ನು ಹುಡುಕಿಕೊಡಿ ಎಂದು ನಿಮ್ಮ ಊರ ಕಡೆಯ ಪತ್ರಿಕೆಗೆ ಪ್ರಕಟಣೆ ಬರೆದಿಟ್ಟಿದ್ದೇನೆ. ಮುಂದಿನ ತಿಂಗಳು ಕಳಿಸುತ್ತೇನೆ.

ಟೋಬಿ


ವಲ್ಲರೂ
20 ಜುಲೈ 2022

ಟೋಬಿ,

ಪ್ರಕಟಣೆ ಕಳಿಸಬೇಡ. ಅವಳ ಹೆಸರು ಡೊರೊತಿ ಹನಿಸೆಟ್, ಎಲ್ಲರಿಗೂ ಡಾಟ್. ನನ್ನ ಅಕ್ಕ. ನನ್ನ ಮನೆಯಿಂದ ನಾಲ್ಕು ಬೀದಿ ಆಚೆ ಇದ್ದಾಳೆ.

ನಮ್ಮ ಅಪ್ಪ ಬಂದರಿನಲ್ಲಿ ಗೋಧಿ ಮೂಟೆ ಹೊರುತ್ತಿದ್ದವರು. ಇಬ್ಬರಲ್ಲಿ ಒಬ್ಬಳನ್ನು ಓದಿಸಬಹುದಿತ್ತು. ನನಗೆ ತಲೆ ಇದೆ, ಅವಳಿಗೆ ಕೈ ಇದೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಆ ಮಾತನ್ನು ನಾನು ಎಪ್ಪತ್ತನಾಲ್ಕು ವರ್ಷದ ತನಕ ನಂಬಿಕೊಂಡು ಬಂದೆ.

2002ರ ಸೆಪ್ಟೆಂಬರ್. ಲೆಕ್ಕ ಮುಗಿದಿತ್ತು, ಪ್ರಬಂಧ ಅಚ್ಚಾಗಿರಲಿಲ್ಲ. ಆರೋಗ್ಯ ಇಲಾಖೆಯವರು ಊರಿನ ಸಭಾಂಗಣದಲ್ಲಿ ನರ್ಸುಗಳಿಗೆ ಫಲಿತಾಂಶ ತಿಳಿಸುವ ಸಭೆ ಇಟ್ಟಿದ್ದರು. ಮಾತು ಮುಗಿಸಿದೆ. ಮೂರನೆಯ ಸಾಲಿನಲ್ಲಿ ಡಾಟ್ ಎದ್ದು ನಿಂತಳು. ನನ್ನನ್ನು ಎತ್ತಿ ಆಡಿಸಿದವಳು, ಎಲ್ಲರ ಮುಂದೆ ನನ್ನನ್ನು ಮೇಡಂ ಎಂದಳು.

“ಮೇಡಂ, ಒಂದು ಡೌಟು. ಕೊನೇಲಿ ನರ್ಸ್ ಬಂದ ಊರುಗಳ್ನ ಯಾರ ಜೊತೆ ಹೋಲಿಸಿದ್ರಿ? ಅಷ್ಟೊತ್ತಿಗೆ ಎಲ್ಲಾ ಕಡೆ ನಾವೇ ಇದ್ವಲ್ಲ. ಅಂದ್ರೆ ನಮ್ಮನ್ನ ನಮ್ಮ ಜೊತೇಲೇ ತೂಗಿದ್ರಾ?”

ನಾನು ನಕ್ಕೆ. ಇದು ಅಂಕಿಅಂಶದ ಪ್ರಶ್ನೆಯಲ್ಲ, ಮುಂದಿನವರು ಕೇಳಿ ಎಂದೆ. ಇಲಾಖೆಯವರೂ ನಕ್ಕರು. ಅವಳು ಸ್ವೆಟರಿನ ಗುಂಡಿ ಹಾಕಿಕೊಂಡು ಕೂತಳು. ಯೋಜನೆ ಮುಚ್ಚಿದ ಮೇಲೆ ಹತ್ತು ವರ್ಷ ಬೇಕರಿಯಲ್ಲಿ ನಿಂತು ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿ ಮಾರಿದಳು. ನಾನು ಊರಿಗೆ ವಾಪಸ್ಸು ಬಂದ ಮೇಲೂ ಆ ಬೇಕರಿಯ ಬೀದಿಗೆ ಹೋಗಿಲ್ಲ. ಇಪ್ಪತ್ತು ವರ್ಷವಾಯಿತು, ನಮ್ಮಲ್ಲಿ ಮಾತಿಲ್ಲ.

ಆಗ ಯಾರಿಗೂ ಗೊತ್ತಿರಲಿಲ್ಲ ಎಂದು ಬರೆದೆಯಲ್ಲ. ಕನಿಕರಪಟ್ಟು ನನ್ನನ್ನು ಪಾರು ಮಾಡಲು ಹೊರಟಿದ್ದೀಯ, ನನಗೆ ಅದು ಬೇಡ. ಒಬ್ಬಳಿಗೆ ಗೊತ್ತಿತ್ತು.

ಐಲ್ಸಾ


ಕ್ಯಾನ್‌ಬೆರಾ
26 ಜುಲೈ 2022

ಪ್ರಿಯ ಐಲ್ಸಾ,

ಪ್ರಕಟಣೆ ಹರಿದು ಹಾಕಿದ್ದೇನೆ.

ನಾಲ್ಕು ಬೀದಿ ಅಂದಿರಿ. ನಾನು ಇಲ್ಲಿಂದ ಬಂದು ಕೇಳಬಹುದು. ಆದರೆ ಕೇಳಬೇಕಾದವನು ನಾನಲ್ಲ ಎಂದು ತೋರುತ್ತದೆ.

ಟೋಬಿ


ವಲ್ಲರೂ
30 ಆಗಸ್ಟ್ 2022

ಟೋಬಿ,

ಒಂದು ತಿಂಗಳು ಏನು ಮಾಡುತ್ತಿದ್ದೆ ಎಂದು ಕೇಳಬೇಡ. ಮೂರು ಸಲ ಅವಳ ಗೇಟಿನ ತನಕ ಹೋಗಿ ಬಂದೆ. ನಾಲ್ಕನೆಯ ಸಲ ಅವಳೇ ಕಿಟಕಿಯಿಂದ ಕೂಗಿದಳು. “ಬರೋದಾದ್ರೆ ಬಾ. ಗುಲಾಬಿ ಗಿಡಕ್ಕೆ ಅಡ್ಡ ನಿಂತಿದ್ದೀಯ.”

ಅಡುಗೆ ಮನೆಯಲ್ಲಿ ಕೂರಿಸಿದಳು. ಟೀ ಕೊಡಲಿಲ್ಲ. ವಿಷಯ ಹೇಳಿದೆ: ಸಮಿತಿ, ಹೊಸ ಲೆಕ್ಕ, ದಿನಾಂಕಗಳು. ಇಪ್ಪತ್ತು ವರ್ಷದ ಹಿಂದೆ ನಾನು ಅವಳ ಮಾತು ಕೇಳಿದ್ದಕ್ಕಿಂತ ಚೆನ್ನಾಗಿ ಅವಳು ನನ್ನ ಮಾತು ಕೇಳಿದಳು. ಕೊನೆಗೆ ಕೇಳಿದ್ದು ಒಂದೇ.

“ಈಗ ಯಾಕೆ ಬಂದೆ ಐಲ್ಸ್? ನಾನು ಹೇಳಿದ್ದು ಸರಿ ಅಂತಾನಾ, ಇಲ್ಲಾ ನಿನ್ನ ಥರ ಓದಿದೋರು ಯಾರೋ ಅದನ್ನೇ ಹೇಳಿದ್ರು ಅಂತಾನಾ?”

ಇಡೀ ಜೀವಮಾನದಲ್ಲಿ ಯಾವ ಸಭೆಯಲ್ಲೂ ನನಗೆ ಇಷ್ಟು ಕಷ್ಟದ ಪ್ರಶ್ನೆ ಬಂದಿರಲಿಲ್ಲ. ಎರಡನೆಯದಕ್ಕೇ ಎಂದೆ. ಸುಳ್ಳು ಹೇಳಿದ್ದರೆ ಅವಳು ಬಾಗಿಲು ತೋರಿಸುತ್ತಿದ್ದಳು.

“ಗೊತ್ತಿತ್ತು,” ಎಂದಳು. ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬ ತಂದಳು. ನರ್ಸುಗಳ ಪಾಳಿ ಹಂಚುತ್ತಿದ್ದವಳು ಅವಳೇ ಅಂತೆ, ನನಗೆ ಅದೂ ಗೊತ್ತಿರಲಿಲ್ಲ. ಹನ್ನೊಂದು ನೋಟ್‌ಬುಕ್ಕು. ಇಪ್ಪತ್ತಾರೂ ಊರಿನಲ್ಲಿ ಮೊದಲ ಮನೆಗೆ ಹೋದ ದಿನ, ತಾಯಿಯ ಹೆಸರು, ಕೂಸಿನ ತೂಕ.

ಇನ್ನೂ ಕೇಳು. ನಾನು ಯೋಜನೆ ಶುರುವಾದ ದಿನ ಎಂದು ಹಿಡಿದದ್ದು ಸರ್ಕಾರಿ ಆದೇಶದ ತಾರೀಖು. ಡಾಟ್ ಅದನ್ನು ಕೇಳಿ ಮೇಜು ಹಿಡಿದುಕೊಂಡು ನಕ್ಕಳು. “ಆದೇಶದ ಮೇಲೆ ಕೂತ್ಕೊಂಡು ಹೋಗೋಕಾಗತ್ತೇನೇ? ಕಾರು ಬರ್ಬೇಕಲ್ಲ.” ಮೊದಲ ಆರು ಊರುಗಳಲ್ಲಿ ಎರಡಕ್ಕೆ ಕಾರು ಬಂದದ್ದು ಎರಡು ವರ್ಷ ತಡವಾಗಿ. ಅಷ್ಟು ದಿನ ಆ ನರ್ಸುಗಳು ಊರ ಕಚೇರಿಯಲ್ಲಿ ಕೂತು ಕಡತಕ್ಕೆ ದಾರ ಪೋಣಿಸುತ್ತಿದ್ದರು. ನಾನು ಅವರನ್ನು ಮನೆ ಮನೆಗೆ ಹೋದವರೆಂದು ಲೆಕ್ಕ ಹಿಡಿದಿದ್ದೆ. ಮೈಲಿಗಟ್ಟಲೆ ದೂರಕ್ಕೊಂದು ಮನೆ ಇರುವ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು, ಕಾರಿನ ಯೋಚನೆ ಬರಲಿಲ್ಲ. ವಿದುಷಿಯಂತೆ, ವಿದುಷಿ.

ನೋಟ್‌ಬುಕ್ಕುಗಳಿಂದ ಊರಿನ ಹೆಸರು, ದಿನಾಂಕ ಮಾತ್ರ ಎರಡು ವಾರ ಕೂತು ನಕಲು ಮಾಡಿದ್ದೇನೆ. ಡಾಟ್ ಎದುರಿಗೆ ಕೂತು ನನ್ನ ತಪ್ಪು ಹಿಡಿಯುತ್ತಿದ್ದಳು. ಪಟ್ಟಿ ಇದರ ಜೊತೆಗಿದೆ.

ಅವಳ ಷರತ್ತು ಒಂದೇ. ಕ್ಷಮೆ ಬೇಡವಂತೆ, ನನ್ನ ಕ್ಷಮೆಯನ್ನು ಎಲ್ಲಿಡಲಿ ಎಂದು ಕೇಳಿದಳು. ಸಭೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಳು, ಅದಕ್ಕೆ ಬರಹದಲ್ಲಿ ಉತ್ತರ ಬೇಕಂತೆ.

ಐಲ್ಸಾ


ಕ್ಯಾನ್‌ಬೆರಾ
14 ಅಕ್ಟೋಬರ್ 2022

ಪ್ರಿಯ ಐಲ್ಸಾ,

ಮೊದಲು ನಿಮ್ಮ ಹಳೆಯ ಸೂತ್ರವನ್ನೇ ಡಾಟ್ ಅವರ ದಿನಾಂಕಗಳಿಗೆ ಹಾಕಿ ನೋಡಿದೆ. ಆಗಲೂ ಉತ್ತರ ತಪ್ಪು ದಿಕ್ಕಿಗೇ ಬಂತು, ಶೇಕಡಾ ಎರಡು ಹೆಚ್ಚಳ. ಅಂದರೆ ದೋಷ ದಿನಾಂಕದ್ದೊಂದೇ ಅಲ್ಲ.

ಆಮೇಲೆ ಇನ್ನೂ ನರ್ಸ್ ಬಾರದ ಊರುಗಳ ಜೊತೆ ಮಾತ್ರ ಹೋಲಿಸಿದೆ. ನರ್ಸ್ ಬರುವ ಮುಂಚಿನ ವರ್ಷಗಳಲ್ಲಿ ನಕ್ಷೆಯಲ್ಲಿ ಊರುಗಳ ಗೆರೆಗಳೆಲ್ಲ ಒಟ್ಟೊಟ್ಟಿಗೆ ಸಾಗಿವೆ. ಮೊದಲ ವರ್ಷ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಮೂರನೆಯ ವರ್ಷಕ್ಕೆ ಆಸ್ಪತ್ರೆ ಸೇರುವ ಕೂಸುಗಳು ಶೇಕಡಾ ಏಳು ಕಡಿಮೆ. ಆರನೆಯದಕ್ಕೆ ಹದಿನೈದು. ತಾಯಂದಿರಿಗೆ ನರ್ಸಿನ ಮೇಲೆ ನಂಬಿಕೆ ಕೂರಲು ಅಷ್ಟು ಕಾಲ ಬೇಕೆಂದು ಕಾಣುತ್ತದೆ.

ಕೊನೆಯ ಹನ್ನೊಂದು ಊರುಗಳ ಬಗ್ಗೆ ಏನೂ ಹೇಳಲಾರೆ. ಅವಕ್ಕೆ ಶುದ್ಧವಾದ ಹೋಲಿಕೆಯೇ ಇಲ್ಲ. ವರದಿಯಲ್ಲಿ ಅದನ್ನೂ ಬರೆದಿದ್ದೇನೆ. ಹೊಸ ವಿಧಾನದ ದೊಡ್ಡ ಗುಣ ಅದೇ ಇರಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತದೆ.

ಹಳೆಯ ಫಲಿತಾಂಶವನ್ನು ಹಿಂತೆಗೆದುಕೊಂಡಿದ್ದೇನೆ ಎಂದು ನೀವು ಸಹಿ ಮಾಡಿದ ಪತ್ರ ಬೇಕು. ಅದಿಲ್ಲದೆ ಸಮಿತಿಯವರು ಎರಡು ಪ್ರಬಂಧ, ಎರಡು ಅಭಿಪ್ರಾಯ ಎಂದು ಪಕ್ಕಕ್ಕಿಡುತ್ತಾರೆ. ಒಂದು ಸಂಖ್ಯೆಯನ್ನು ವರದಿಯಿಂದ ಬಿಟ್ಟಿದ್ದೇನೆ. ಅದು ಅಂದಾಜು ಮಾತ್ರ, ಬಿಟ್ಟರೆ ನಷ್ಟವಿಲ್ಲ.

ನನ್ನ ಪಿಎಚ್‌ಡಿಯ ನಲವತ್ತೊಂದನೆಯ ಪುಟವನ್ನೂ ಸರಿಪಡಿಸಿ ಪತ್ರಿಕೆಗೆ ಕಳಿಸಿದೆ. ಬೇಕಾದರೆ ನಗಿ.

ಟೋಬಿ


ವಲ್ಲರೂ
24 ಅಕ್ಟೋಬರ್ 2022

ಟೋಬಿ,

ನಗಲಿಲ್ಲ.

ನೀನು ಬಿಟ್ಟ ಸಂಖ್ಯೆಯನ್ನು ನಾನೇ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ. ನನ್ನಿಂದ ಅದನ್ನು ಬಚ್ಚಿಡಬಹುದು ಎಂದುಕೊಂಡೆಯಲ್ಲ, ನನ್ನ ಬಗ್ಗೆ ನಿನಗಿರುವ ಅಭಿಪ್ರಾಯ ನಾನು ತಿಳಿದದ್ದಕ್ಕಿಂತಲೂ ಕೆಳಗಿದೆ. ನಿನ್ನ ಲೆಕ್ಕ ಅನ್ವಯಿಸುವ ಹದಿನೈದು ಊರುಗಳಲ್ಲಿ ವರ್ಷಕ್ಕೆ ಸುಮಾರು ಇನ್ನೂರ ನಲವತ್ತು ಕೂಸುಗಳು ಆಸ್ಪತ್ರೆ ಸೇರುತ್ತವೆ. ನರ್ಸ್ ಇದ್ದಿದ್ದರೆ ಅವುಗಳಲ್ಲಿ ಶೇಕಡಾ ಹದಿನೈದು, ಅಂದರೆ ಮೂವತ್ತಾರು, ಸೇರುತ್ತಿರಲಿಲ್ಲ. ಯೋಜನೆ ಮುಚ್ಚಿ ಹದಿನೇಳು ವರ್ಷ. ಆರುನೂರ ಹನ್ನೆರಡು. ಅಂದಾಜು ಎಂದು ನನಗೂ ಗೊತ್ತು. ಅವುಗಳಲ್ಲಿ ಎಷ್ಟು ಕೂಸುಗಳು ಮನೆಗೆ ವಾಪಸ್ಸು ಬಂದವು ಎಂದು ನಾನು ನೋಡಿಲ್ಲ. ನೋಡುವ ಧೈರ್ಯ ನನಗಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಡಾಟ್‌ಗೆ ಆ ಸಂಖ್ಯೆ ತೋರಿಸಿದೆ. ಕಾಗದವನ್ನು ಮಡಚಿ ಬಿಸ್ಕತ್ತಿನ ಡಬ್ಬದಲ್ಲಿಟ್ಟಳು.

ಸಮಿತಿಗೆ ನನ್ನ ಪತ್ರ ಲಗತ್ತಿಸಿದ್ದೇನೆ. ಮೂರು ಸಲ ಬರೆದೆ. ಮೊದಲನೆಯದರಲ್ಲಿ ವಿದ್ಯೆ ಅಷ್ಟು ಬೆಳೆದಿರಲಿಲ್ಲ ಎಂದು ಎರಡು ಪುಟ ಇತ್ತು. ಡಾಟ್ ಕನ್ನಡಕ ತೆಗೆದು, “ಇದ್ರಲ್ಲಿ ಉತ್ತರ ಎಲ್ಲಿದೆ?” ಎಂದಳು. ಎರಡನೆಯದನ್ನು ಓದಿ, “ಇದು ನಿನ್ನ ಬಗ್ಗೆ ಇದೆ,” ಎಂದಳು. ಮೂರನೆಯದನ್ನು ಓದಿ ಎದ್ದು ಹೋಗಿ ಟೀಗೆ ನೀರಿಟ್ಟಳು. ಅದನ್ನೇ ಕಳಿಸುತ್ತಿದ್ದೇನೆ. ಒಂದು ಅಕ್ಷರ ತಿದ್ದಿದರೂ ನಿನ್ನ ಕೈ ಮುರಿಯುತ್ತೇನೆ.

ಐಲ್ಸಾ

(ಲಗತ್ತು)

ಸಮಿತಿಗೆ,

ನನ್ನ 2003ರ ಪ್ರಬಂಧದ ಫಲಿತಾಂಶ ತಪ್ಪು. ಅದನ್ನು ಹಿಂತೆಗೆದುಕೊಂಡಿದ್ದೇನೆ. ಟಿ. ಕ್ಲೈನಿಗ್ ಅವರ ಲೆಕ್ಕವನ್ನು ಅದರ ಜಾಗದಲ್ಲಿ ಓದಿಕೊಳ್ಳಿ. ಪ್ರಬಂಧದ ಹದಿನಾಲ್ಕನೆಯ ಅಡಿಟಿಪ್ಪಣಿಯನ್ನು ಇನ್ನು ಮುಂದೆ ಹೀಗೆ ಓದಬೇಕು:

‘14. ಫಲಿತಾಂಶವನ್ನು ಮಂಡಿಸಿದ ಸಭೆಯಲ್ಲಿ ವಲ್ಲರೂವಿನ ನರ್ಸ್ ಡೊರೊತಿ ಹನಿಸೆಟ್ ಅವರು “ನಮ್ಮನ್ನು ನಮ್ಮ ಜೊತೆಯಲ್ಲೇ ತೂಗಿದಿರಾ?” ಎಂದು ಕೇಳಿದರು. ಹೌದು.’

ಐಲ್ಸಾ ಟ್ರೆಗಿಯರ್